ಚಿನ್ನದ ನೀರು ಕುಡಿದ ಮೆಮೊರಿ

ಕೆ.ಆರ್. ಪೇಟೆಯಲ್ಲಿ ಒಂದು ಜೊತೆ ಓಲೆ ಮಾಡಿಸಬೇಕು, ಯಾರ ಹತ್ತಿರ ಹೋಗಲಿ ಎಂದು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ವೆಂಕಟೇಶಾಚಾರ್ರ ಅಂಗಡಿಯತ್ತ ಕೈ ತೋರಿಸುತ್ತಿದ್ದರು. ತೋರಿಸಿದ ಎಂಟು ಮಂದಿಯೂ, “ಆದ್ರೆ ಒಸಿ ಮುಂಚೆ ಕೊಡಿ” ಎಂದು ಒಂದು ಮಾತು ಸೇರಿಸುತ್ತಿದ್ದರು. ಮದುವೆಗೆ ಬೇಕಾದ ಒಡವೆಯನ್ನು ಹುಡುಗಿ ನೋಡುವ ಶಾಸ್ತ್ರಕ್ಕೂ ಮೊದಲೇ ಕೊಟ್ಟರೆ ಮೊದಲ ಕೂಸಿನ ನಾಮಕರಣದ ಹೊತ್ತಿಗೆ ಕೈಗೆ ಬರುತ್ತದೆ ಎಂಬುದು ಊರವರ ಅಂದಾಜು.

ಹಾಗೆಂದು ಆಚಾರ್ರು ಸುಳ್ಳುಗಾರರಲ್ಲ. “ಭಾನುವಾರ ಬನ್ನಿ ಕಣವ್ವ, ಕೈಗೇ ಕೊಡ್ತೀನಿ” ಎನ್ನುವಾಗ ಅವರ ಮನಸ್ಸಿನಲ್ಲಿ ನಿಜವಾಗಿಯೂ ಒಂದು ಭಾನುವಾರ ಇರುತ್ತಿತ್ತು. ತೊಂದರೆ ಇದ್ದದ್ದು ಶನಿವಾರದಲ್ಲಿ. ಒಡವೆ ಶನಿವಾರ ಮುಗಿಯುತ್ತಿತ್ತು. ಮುಗಿದದ್ದನ್ನು ಅಂಗೈ ಮೇಲಿಟ್ಟುಕೊಂಡು, ಭೂತಗನ್ನಡಿಯನ್ನು ಕಣ್ಣಿಗೆ ಕಚ್ಚಿಸಿಕೊಂಡು ನೋಡಿದರೆ, ಎಡಗಡೆ ಓಲೆಯ ಐದನೇ ಎಸಳು ಬಲಗಡೆ ಓಲೆಯ ಐದನೇ ಎಸಳಿಗಿಂತ ಕೂದಲೆಳೆಯಷ್ಟು ದಪ್ಪ ಕಾಣುತ್ತಿತ್ತು. ಒಂದೇ ಸಲಕ್ಕೆ ಒಬ್ಬಳ ಎರಡೂ ಕಿವಿಯನ್ನು ನೋಡಬಲ್ಲ ಮನುಷ್ಯ ಇನ್ನೂ ಹುಟ್ಟಿಲ್ಲ ಎಂದು ಹೆಂಡತಿ ಮೂಗಮ್ಮ ಎಷ್ಟು ಸಲ ಹೇಳಿದ್ದಳೋ. ಆಚಾರ್ರ ಕೈ ಕೇಳುತ್ತಿರಲಿಲ್ಲ. ಅದು ತಾನೇತಾನಾಗಿ ಚಿಮುಟ ಹಿಡಿದು ಓಲೆಯನ್ನು ಮತ್ತೆ ಬೆಂಕಿಗೆ ಹಾಕಿಬಿಡುತ್ತಿತ್ತು. ಮದುವೆಯಾದ ವರ್ಷ ಹೆಂಡತಿಗೆಂದು ಶುರುಮಾಡಿದ ಮೂಗುಬೊಟ್ಟು ಹದಿನಾರು ವರ್ಷದಲ್ಲಿ ಏಳು ಸಲ ಕರಗಿತ್ತು. ಹೆಸರಿನಲ್ಲೇ ಮೂಗು ಇಟ್ಟುಕೊಂಡ ಆಕೆ ಬರಿಮೂಗಿನಲ್ಲೇ ಓಡಾಡುತ್ತಿದ್ದಳು.

ಇಂಥ ಮನುಷ್ಯನ ಮನೆಗೆ ೧೯೯೮ರಲ್ಲಿ ಒಂದು ಕಂಪ್ಯೂಟರು ಬಂದು ಕೂತಿತು. ಪಾಂಡವಪುರದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಒಬ್ಬ ಮೇಷ್ಟ್ರು ಹೊಸ ಮಿಷನ್ನುಗಳನ್ನು ತರಿಸಿಕೊಂಡು, ಹಳೆಯದೊಂದನ್ನು ತಮ್ಮ ಮಗಳ ಸರದ ಕೂಲಿಗೆ ಬದಲಾಗಿ ಇವರಿಗೆ ಕೊಟ್ಟುಬಿಟ್ಟಿದ್ದರು. ಸರ ಹೊತ್ತಿಗೆ ಸರಿಯಾಗಿ ಹೋಯಿತೇ ಎಂದು ಮಾತ್ರ ಯಾರೂ ಕೇಳಬಾರದು. ಕಂಪ್ಯೂಟರಿಗೆ ನಡುಮನೆಯಲ್ಲಿ ಮೇಜು ಬಂತು, ಹಣೆಗೆ ಕುಂಕುಮ ಬಂತು, ಮೂಗಮ್ಮನ ಹಳೇ ರೇಷ್ಮೆ ಸೀರೆಯಿಂದ ಹೊಲಿದ ಅಂಚಿನ ಮುಸುಕು ಬಂತು. ಮುಸುಕು ತೆಗೆಯುವ ಧೈರ್ಯ ಇದ್ದದ್ದು ಒಂಬತ್ತನೇ ಕ್ಲಾಸಿನ ಮಗಳು ಸ್ಪಂದನಳಿಗೆ ಒಬ್ಬಳಿಗೇ. ಆಚಾರ್ರು ದೂರದಲ್ಲಿ ಕೈಕಟ್ಟಿ ನಿಂತು ನೋಡುವರು. ಗಿರಾಕಿಗಳು ವಿಚಾರಿಸಿದರೆ, “ಅದೆ ಕಣಪ್ಪ, ಮನೇಲಿ ಒಂದು” ಎನ್ನುವರು. ಆನೆ ಕಟ್ಟಿಕೊಂಡವರು ಹೇಳುವಂತೆ.

ಒಂದು ಮಂಗಳವಾರ ಸಂಜೆ ಸ್ಪಂದನ ಸ್ಕೂಲಿನಿಂದ ಒಂದು ಸಿ.ಡಿ. ತಂದಳು. ವಿಮಾನ ಹಾರಿಸುವ ಆಟ. ಹೊಸದಾಗಿ ಬಂದದ್ದಂತೆ, ಜೊತೆಯಲ್ಲಿ ಓದುವ ಶ್ವೇತಳ ಅಣ್ಣ ಮೈಸೂರಿನಿಂದ ತಂದದ್ದಂತೆ, ಸೋಮವಾರ ಬೆಳಿಗ್ಗೆ ವಾಪಸು ಕೊಡಲೇಬೇಕಂತೆ. ಭಾನುವಾರ ಮಧ್ಯಾಹ್ನ ಮೂರಕ್ಕೆ ಶ್ವೇತ ಮತ್ತು ಇನ್ನಿಬ್ಬರು ಹುಡುಗಿಯರು ಮನೆಗೆ ಬರುವುದು, ಎಲ್ಲರೂ ಸರದಿಯ ಮೇಲೆ ಹಾರುವುದು ಎಂದು ಮಾತಾಗಿತ್ತು. ವಿಮಾನವನ್ನು ಆಕಾಶದಲ್ಲಲ್ಲದೆ ಬೇರೆಲ್ಲೂ ನೋಡದ ಆ ನಾಲ್ವರಲ್ಲಿ ಒಬ್ಬಳಿಗೂ ಇದು ಸಣ್ಣ ಮಾತಾಗಿರಲಿಲ್ಲ.

ಸಿ.ಡಿ. ಒಳಕ್ಕೆ ಹೋಯಿತು, ಗುರ್ರೆಂದಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಚೌಕ ಬಂದು ನಿಂತಿತು. ಸ್ಪಂದನ ಅದನ್ನು ಎರಡು ಸಲ ಓದಿ ಅಡುಗೆಮನೆಗೆ ಹೋದಳು.

“ಅಮ್ಮ, ಮೂವತ್ತೆರಡು ಮೆಮೊರಿ ಬೇಕಂತೆ. ನಮ್ದರಲ್ಲಿ ಹದ್ನಾರೇ ಇರೋದು. ಓಡಲ್ವಂತೆ.”

“ನಿಮ್ಮಪ್ಪಂಗೆ ಏಳು, ಆಕುಸ್ಕೊಡ್ತಾರೆ.”

“ಅಪ್ಪಂಗಾ? ಭಾನುವಾರ ಅಂತದೆ. ಯಾವ್ ಭಾನುವಾರ ಅಂತ ಯಾವತ್ತು ಏಳ್ಯದೆ? ಬುಡು, ಶ್ವೇತಂಗೆ ಬರ್ಬೇಡ ಅಂತ ಅಂದ್ಬುಡ್ತೀನಿ.”

ಜಗಲಿಯಲ್ಲಿ ಕಾಲು ತೊಳೆಯುತ್ತಿದ್ದ ಆಚಾರ್ರಿಗೆ ಚೊಂಬು ಕೈಯಲ್ಲೇ ನಿಂತಿತು. ಮೂವತ್ತು ವರ್ಷದಲ್ಲಿ ಗಿರಾಕಿಗಳು ಅವರನ್ನು ಅಂದಿರದ ಮಾತಿಲ್ಲ. ಯಾವುದೂ ಮೈಗೆ ಹತ್ತಿರಲಿಲ್ಲ. ಇದು ಹತ್ತಿತು. ಹುಡುಗಿ ಕೋಪದಿಂದಲೂ ಆಡಿರಲಿಲ್ಲ. ಇವತ್ತು ಕರೆಂಟು ಬರಲ್ಲ ಎಂದು ಹೇಳುವ ಹಾಗೆ, ತಣ್ಣಗೆ ಹೇಳಿದ್ದಳು. ಅದೇ ಕೆಟ್ಟದ್ದು. ಅವರು ಒದ್ದೆ ಕಾಲಿನಲ್ಲೇ ಒಳಗೆ ಬಂದರು.

“ಯಾರ್ಗೂ ಬರ್ಬೇಡ ಅನ್ಬೇಡ ಕಣಮ್ಮಿ. ಭಾನುವಾರ ಮೂರು ಗಂಟೆಗೆ ಆಟ ಓಡ್ತದೆ. ಈ ಭಾನುವಾರ.”

ತಾಯಿ ಮಗಳ ಮುಖ ನೋಡಿದಳು, ಮಗಳು ಒಲೆಯ ಕಡೆ ನೋಡಿದಳು. ಇಬ್ಬರೂ ನಗಲಿಲ್ಲ. ನಕ್ಕಿದ್ದರೆ ಆಚಾರ್ರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮಾತು ಕೊಟ್ಟದ್ದಾಯಿತು. ಯಾವುದಕ್ಕೆ ಕೊಟ್ಟೆ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಸಿ.ಡಿ.ಯ ಡಬ್ಬಿ ಈಸಿಕೊಂಡು, ಅದರ ಬೆನ್ನಿನ ಮೇಲೆ ಎಳ್ಳು ಚೆಲ್ಲಿದಂತಿದ್ದ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ನೋಡಿ, ಮಗಳು ಓದಿ ಹೇಳಿದ್ದನ್ನೆಲ್ಲ ಆರ್ಡರ್ ಪುಸ್ತಕದಲ್ಲಿ ಬರೆದುಕೊಂಡರು. ಪೆಂಟಿಯಂ ೧೩೩. ಮೆಮೊರಿ ೩೨. ಹಾರ್ಡ್ ಡಿಸ್ಕಿನಲ್ಲಿ ಜಾಗ ೧೫೦. ಬಣ್ಣ ಇಷ್ಟು, ಸಿ.ಡಿ. ವೇಗ ಅಷ್ಟು. ಅದರ ಹಿಂದಿನ ಪುಟದಲ್ಲಿ ‘ಶೀಳನೆರೆ ಚಿಕ್ಕಬೋರಮ್ಮ, ಓಲೆ ಒಂದು ಜೊತೆ’ ಎಂದಿತ್ತು. ಆ ಬರಹಕ್ಕೆ ನಾಲ್ಕು ತಿಂಗಳಾಗಿತ್ತು. ಆಚಾರ್ರು ಪುಟ ಮಗುಚಿದರು.

ಬುಧವಾರ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದರು. ಶ್ರೀರಂಗಪಟ್ಟಣದಲ್ಲಿ ಶಿವಶಂಕರ್ ಎಂಬ ಯುವಕ ಕಂಪ್ಯೂಟರು ರಿಪೇರಿ ಅಂಗಡಿ ಇಟ್ಟಿದ್ದಾನೆ ಎಂದು ಪಾಂಡವಪುರದ ಮೇಷ್ಟ್ರು ಹೇಳಿದ್ದರು. ಬಸ್ಸಿನ ಉದ್ದಕ್ಕೂ ಆಚಾರ್ರು ‘ಮೂವತ್ತೆರಡು, ನೂರೈವತ್ತು’ ಎಂದು ಬಾಯಿಪಾಠ ಮಾಡಿಕೊಂಡು ಬಂದು, ಅಂಗಡಿಯ ಮೆಟ್ಟಿಲು ಹತ್ತಿದವರೇ, “ನೂರೈವತ್ತು ಮೆಮೊರಿ ಕೊಡಪ್ಪ” ಎಂದರು.

ಶಿವಶಂಕರ್ ಸ್ಕ್ರೂಡ್ರೈವರ್ ಕೆಳಗಿಟ್ಟ. “ಅಷ್ಟೊಂದು ಯಾಕೆ ಆಚಾರ್ರೇ, ರಾಕೆಟ್ ಬುಡ್ತೀರಾ?”

“ಇಲ್ಲಪ್ಪ, ವಿಮಾನ.”

ಆರ್ಡರ್ ಪುಸ್ತಕ ನೋಡಿದ ಮೇಲೆ ಅವನಿಗೆ ಅರ್ಥವಾಯಿತು. ಆಚಾರ್ರಿಗೆ ಆಗಲಿಲ್ಲ. ಮನೆಯಲ್ಲಿರುವ ಕಂಪ್ಯೂಟರಿನ ಹಾರ್ಡ್ ಡಿಸ್ಕು ಒಟ್ಟು ಎಂಟುನೂರರದ್ದು ಎಂದು ಮಗಳು ಹೇಳಿದ್ದಳು. ಎಂಟುನೂರು ಇಟ್ಟುಕೊಂಡು ಮೂವತ್ತೆರಡಕ್ಕೆ ಗತಿಯಿಲ್ಲ ಎನ್ನುವ ಮಿಷನ್ನು ಎಂಥದ್ದು?

“ನೋಡಿ,” ಎಂದು ಶಿವಶಂಕರ್ ಸ್ಟೂಲು ಎಳೆದು ಕೊಟ್ಟ. “ನಿಮ್ಮ ಅಂಗ್ಡೀಲಿ ಬೀರು ಅದೆ. ಮುಂದ್ಗಡೆ ಕೂತ್ಕೊಂಡು ಕೆಲ್ಸ ಮಾಡೋ ಹಲಗೆ ಅದೆ. ಹಾರ್ಡ್ ಡಿಸ್ಕು ಅಂದ್ರೆ ಬೀರು. ಮೆಮೊರಿ ಅಂದ್ರೆ ಹಲಗೆ. ಬೀರು ಏಟು ದೊಡ್ಡದಾದ್ರೇನು, ಹಲಗೆ ಸಣ್ಣದಾದ್ರೆ ವಿಮಾನಾನ ಎಲ್ಲಿ ಅರಡ್ಕೊಂತೀರಿ?”

ಇದು ಆಚಾರ್ರಿಗೆ ಬಹಳ ಹಿಡಿಸಿತು. ಒಂದು ನಿಮಿಷ ತಲೆದೂಗಿ, ಆಮೇಲೆ ಕೇಳಿದರು: “ಅಲ್ಲಪ್ಪ, ಇಡೀ ವಿಮಾನಾನ ಒಂದೇ ಸಲಕ್ಕೆ ಯಾಕೆ ಅರಡ್ಬೇಕು? ನಾವು ಒಂದೊಂದೇ ಎಸಳು ತಕ್ಕೊಂಡು ಮಾಡ್ತೀವಲ್ಲ, ಅಂಗೆ ಮಾಡಕಾಗಲ್ವಾ?”

ಶಿವಶಂಕರನಿಗೆ ಮೈಸೂರಿನಲ್ಲಿ ಕಲಿಸಿದವರು ಇದನ್ನು ಹೇಳಿಕೊಟ್ಟಿರಲಿಲ್ಲವೋ ಏನೋ. ಅವನು ಸ್ವಲ್ಪ ಕೆಮ್ಮಿ, ಎದ್ದು ಹೋಗಿ ಒಂದು ಡ್ರಾಯರು ಎಳೆದ. ಬೆರಳುದ್ದದ ಎರಡು ಹಸಿರು ಪಟ್ಟಿಗಳನ್ನು ತೆಗೆದಿಟ್ಟ. ಒಂದೊಂದರ ಮೇಲೂ ಜೀರುಂಡೆಗಳಂಥ ಕರಿ ತುಂಡುಗಳು, ಕೆಳ ಅಂಚಿನಲ್ಲಿ ಬಾಚಣಿಗೆಯಂತೆ ಹಲ್ಲುಸಾಲು.

“ಎಂಟೆಂಟರವು. ಎರಡು ಸೇರಿ ಹದಿನಾರು. ನಿಮ್ಮ ಹದಿನಾರಕ್ಕೆ ಸೇರಿದ್ರೆ ಮೂವತ್ತೆರಡು. ಇದನ್ನ ಜೊತೆಯಾಗೇ ಆಕ್ಬೇಕು. ಒಂಟಿ ಆಕಿದ್ರೆ ತಗಳಾಕಿಲ್ಲ.”

“ಓಲೆ ತರ,” ಎಂದರು ಆಚಾರ್ರು, ಸ್ವಲ್ಪ ಚೇತರಿಸಿಕೊಂಡು.

“ಅಂಗೇ ಅಂದ್ಕಳಿ. ಇನ್ನೊಂದು. ಇದರಲ್ಲಿ ಎರಡು ಜಾತಿ. ಬಿಳಿ ಹಲ್ಲಿಂದು, ಚಿನ್ನದ ಹಲ್ಲಿಂದು. ನಿಮ್ಮ ಮೇಷ್ಟ್ರ ಮಿಷನ್ನು ನಾನೇ ಕೂಡ್ಸಿದ್ದು, ಅದ್ರಾಗೆ ಚಿನ್ನದ್ದೇ ಇರೋದು. ಅದ್ಕೆ ನಿಮ್ಗೂ ಚಿನ್ನದ್ದೇ ಕೊಡ್ತಿವ್ನಿ. ಇದೊಂದೇ ಜೊತೆ ಉಳಿದಿದ್ದು.”

ಚಿನ್ನ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಬೆಳಗಿನಿಂದ ಮಂಜು ಕವಿದಿದ್ದ ಆಚಾರ್ರ ತಲೆಯೊಳಗೆ ಒಂದು ದೀಪ ಹತ್ತಿಕೊಂಡಿತು. ಕೊನೆಗೂ ತನಗೆ ಗೊತ್ತಿರುವ ಒಂದು ಪದಾರ್ಥ. ಅವರ ಬೆನ್ನು ನೆಟ್ಟಗಾಯಿತು, ಗಂಟಲು ಬದಲಾಯಿತು. “ಅಸಲಿಯೇನಪ್ಪ?”

“ಅಸಲಿ ಚಿನ್ನ ಆಚಾರ್ರೇ,” ಎಂದ ಶಿವಶಂಕರ್, ಯಾರಿಗೆ ಹೇಳುತ್ತಿದ್ದೇನೆ ಎಂದು ಯೋಚಿಸದೆ.

ಅವನು ಹೇಗೆ ಓರೆಯಾಗಿ ತೂರಿಸಿ ನೆಟ್ಟಗೆ ನಿಲ್ಲಿಸಬೇಕು, ಎರಡು ಕಡೆಯೂ ಟಕ್ ಎನ್ನಬೇಕು ಎಂದು ತೋರಿಸಿಕೊಟ್ಟ. ಆಚಾರ್ರು ಪಟ್ಟಿಗಳನ್ನು ಹತ್ತಿಯಲ್ಲಿ ಸುತ್ತಿ, ಒಡವೆಯ ಡಬ್ಬಿಯಲ್ಲಿಟ್ಟು, ಬಸ್ಸಿನಲ್ಲಿ ಎದೆಗೊತ್ತಿಕೊಂಡು ತಂದರು.

ನೆಟ್ಟಗೆ ಮನೆಗೆ ಹೋಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಂಗಡಿ ದಾರಿಯಲ್ಲಿತ್ತು. ಅದೂ ಅಲ್ಲದೆ ಹೊರಗಿನ ಚಿನ್ನ ಯಾವುದೇ ಆಗಲಿ, ಅಪ್ಪನ ಕಾಲದಿಂದ, ಅಜ್ಜನ ಕಾಲದಿಂದ, ಮೊದಲು ಒರೆಗಲ್ಲಿಗೆ ಹೋಗಿಯೇ ಮುಂದಿನ ಮಾತು. ಅನುಮಾನ ಇರಲಿ ಬಿಡಲಿ. ಹೊಸಿಲು ದಾಟುವಾಗ ಬಲಗಾಲು ಮುಂದಿಡುವ ಹಾಗೆ. ಆಚಾರ್ರು ದೀಪದ ಕೆಳಗೆ ಕೂತು ಡಬ್ಬಿ ತೆರೆದರು. ಒಂದು ಪಟ್ಟಿಯನ್ನು ಎತ್ತಿಕೊಂಡು, ಅದರ ಮೂಲೆಯ ಹಲ್ಲುಗಳನ್ನು ಕರಿಕಲ್ಲಿನ ಮೇಲೆ ಒಂದು ಸಲ ಎಳೆದರು. ಹಳದಿ ಗೆರೆ ಬಿತ್ತು. ಸರಿ. ಆದರೆ ಒಂದೇ ಗೆರೆಯನ್ನು ನಂಬುವುದು ಕಸುಬಲ್ಲ. ಇನ್ನೊಮ್ಮೆ ಒತ್ತಿ ಎಳೆದರು. ಈ ಸಲದ ಗೆರೆ ಕೆಂಪಗಿತ್ತು. ಮೂರನೇ ಸಲ ಎಳೆದು ಒಂದು ಹನಿ ಆಸಿಡ್ ಬಿಟ್ಟರು. ಗೆರೆ ಹಸಿರು ನೊರೆಯಾಗಿ ಕುದಿದು ಮಾಯವಾಯಿತು.

“ತಾಮ್ರ!” ಎಂದು ಕೂಗಿದರು ಆಚಾರ್ರು, ಖಾಲಿ ಅಂಗಡಿಗೆ.

ಗುರುವಾರ ಅಮಾವಾಸ್ಯೆ, ಬಸ್ಸು ಹತ್ತಲಿಲ್ಲ. ಆ ದಿನ ಮಗಳು ತುಂಬಿಹೋಗಿದ್ದ ಹಾರ್ಡ್ ಡಿಸ್ಕಿನಲ್ಲಿ ಆಟಕ್ಕೆ ಜಾಗ ಬಿಡಿಸುತ್ತ ಕೂತಿದ್ದಳು. ಪಾಂಡವಪುರದಲ್ಲಿ ಕಲಿಯಲು ಬಂದ ಹುಡುಗ ಹುಡುಗಿಯರೆಲ್ಲ ಒಂದೇ ರಜಾ ಅರ್ಜಿಯನ್ನು ಟೈಪು ಮಾಡಿ ಅಭ್ಯಾಸ ಮಾಡಿದ್ದರಂತೆ. ಮುನ್ನೂರ ಹನ್ನೆರಡು ಅರ್ಜಿಗಳಿದ್ದವು. ಅವುಗಳ ಜೊತೆ ಇನ್ನೂ ಏನೇನೋ ಪಾಠದ ಸಾಮಾನು.

“ಅಳ್ಸಾಕ್ಲಾ ಅಪ್ಪ?”

ಆಚಾರ್ರಿಗೆ ಮನಸ್ಸು ಬರಲಿಲ್ಲ. “ಯಾರದ್ದೋ ಮಾಲು ಕಣಮ್ಮಿ. ಕೇಳ್ದೆ ಎಂಗೆ ಕರಗ್ಸೋದು? ನಾಳೆ ಬಂದು ಕೇಳಿದ್ರೆ?”

“ಹೊಟ್ಟೆನೋವು, ಎರಡು ದಿನ ರಜ ಕೊಡಿ ಅಂತ ಬರ್ದವ್ರೆ. ಈಗ ವಾಸಿಯಾಗಿರ್ತದೆ ಬುಡು,” ಎಂದು ಅವಳು ಅಳಿಸಿಯೇಬಿಟ್ಟಳು. ಆಮೇಲೆ ಕತ್ತು ತಿರುಗಿಸದೆ ಕೇಳಿದಳು: “ಮೆಮೊರಿ ಸಿಕ್ತಾ?”

“ಸಿಕ್ತು.” ಅದು ಸುಳ್ಳಲ್ಲ. ಆದರೂ ಆಚಾರ್ರು ಅಲ್ಲಿ ನಿಲ್ಲಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವರು ಶಿವಶಂಕರನ ಅಂಗಡಿಗೆ ನುಗ್ಗಿದಾಗ ಒಂದು ಕೈಯಲ್ಲಿ ಡಬ್ಬಿಯಿತ್ತು, ಇನ್ನೊಂದರಲ್ಲಿ ಸಾಕ್ಷಿಗೆಂದು ಒರೆಗಲ್ಲು.

“ಏನಪ್ಪಾ, ಚಿನ್ನ ಅಂತ ತಾಮ್ರ ಕೊಟ್ಟು ಕಳ್ಸಿದ್ದೀಯಲ್ಲ! ಬೇರೆ ಯಾರಾದ್ರೂ ಆಗಿದ್ರೆ ನಂಬ್ಕೊಂಡು ಓಗೋರು. ಆಚಾರಿ ಮುಂದೆ ಈ ಆಟ ನಡೆಯಲ್ಲ!”

ಶಿವಶಂಕರ್ ಪಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದ. ಮೂಲೆಯ ನಾಲ್ಕು ಹಲ್ಲು ಇರಬೇಕಾದ ಕಡೆ ಹಸಿರು ಚರ್ಮ ತರಚಿದಂತಿತ್ತು.

“ಯಾರು ಇದನ್ನ ಉಜ್ಜಿದ್ದು?”

“ನಾನೇ. ಒರೆಗೆ ಹಚ್ಚಿ ನೋಡ್ದೆ.”

“ಒರೆಗೆ...” ಅವನು ಸ್ಟೂಲಿನ ಮೇಲೆ ಕುಸಿದ. “ಆಚಾರ್ರೇ, ಅದು ಮೇಲೊಂದು ಪೊರೆ ಚಿನ್ನ. ಹಾಕಿರೋದೇ ಅಷ್ಟು. ಪ್ರಪಂಚದಲ್ಲೆಲ್ಲ ಅಷ್ಟೇ ಹಾಕೋದು. ಇದು ಕರೆಂಟು ಓಡಾಡೋಕೆ ಸ್ವಾಮಿ, ಕತ್ತಿಗೆ ಆಕ್ಕಳಕಲ್ಲ!”

“ಅಂಗಾದ್ರೆ ಚಿನ್ನದ ನೀರು ಕೊಟ್ಟಿದ್ದು ಅನ್ಬೇಕಾಗಿತ್ತು. ಅಸಲಿ ಅಂದ್ಯಲ್ಲ!”

“ನೀರಿರೋದು ಅಸಲಿ ಚಿನ್ನದ್ದೇ ಅಲ್ವಾ!”

ಇಬ್ಬರ ಮಾತೂ ನಿಜವಾಗಿತ್ತು, ಹಾಗಾಗಿ ಜಗಳ ಮುಂದಕ್ಕೆ ಹೋಗಲಿಲ್ಲ. ಶಿವಶಂಕರ್ ಪಟ್ಟಿಗಳನ್ನು ತನ್ನ ಮಿಷನ್ನಿಗೆ ಹಾಕಿ ನೋಡಿದ. ಅದು ಕುಂಯ್, ಕುಂಯ್ ಎಂದು ಪೆಟ್ಟು ತಿಂದ ನಾಯಿಮರಿಯಂತೆ ಅತ್ತಿತು. ಒಂದು ಹಲ್ಲು ತಾಗದಿದ್ದರೂ, ಪಕ್ಕದ ಹಲ್ಲಿಗೆ ತಾಗಿದರೂ ಇಡೀ ಪಟ್ಟಿ ದಂಡವಂತೆ, ಪಟ್ಟಿ ದಂಡವಾದರೆ ಜೊತೆ ದಂಡವಂತೆ. ಬಿಳಿ ಹಲ್ಲಿನದು ಅವನಲ್ಲಿ ಒಂದಿತ್ತು, ಒಂಟಿ.

“ಬೆಂಗಳೂರಿಂದ ಮಾಲು ಬರ್ಬೇಕು. ಬುಧವಾರ ಬನ್ನಿ, ಕೈಗೇ ಕೊಡ್ತೀನಿ.”

“ಯಾವ್ ಬುಧವಾರ?” ಎಂದು ಆಚಾರ್ರ ಬಾಯಿಂದ ತಾನಾಗಿ ಬಂತು. ಬಂದ ಮೇಲೆ ಅವರಿಗೆ ಅದು ಎಲ್ಲೋ ಕೇಳಿದ ಮಾತೆನಿಸಿ, ಮುಖ ಬಿಸಿಯಾಯಿತು. ಎದುರಿಗಿದ್ದ ಯುವಕ ಅವರನ್ನು ನೋಡಿ ನಗುತ್ತಿದ್ದ. ಆ ನಗುವಿನಲ್ಲಿ ಮೋಸವಿಲ್ಲ, ಕೆಟ್ಟತನವಿಲ್ಲ, ಸಾಮಾನೂ ಇಲ್ಲ. ಅಂಗಡಿ ಹಲಗೆಯ ಆಚೆ ಬದಿಯಿಂದ ಇದು ಹೀಗೆ ಕಾಣುತ್ತದೆ ಎಂದು ಅವರಿಗೆ ಇಷ್ಟು ವಯಸ್ಸಾದರೂ ಗೊತ್ತಿರಲಿಲ್ಲ.

ವಾಪಸು ಬರುವಾಗ ಪಾಂಡವಪುರ ದಾಟುವ ತನಕ ಅವರ ತಲೆಯಲ್ಲಿ ಏನೂ ಇರಲಿಲ್ಲ. ಮಗಳಿಗೆ ಏನು ಹೇಳುವುದು ಎಂಬುದು ಮಾತ್ರ ಇತ್ತು. ಹೇಳುವುದೇನು, ಅವಳಿಗೆ ಗೊತ್ತೇ ಇದೆ. ಅವಳು ‘ಬುಡಪ್ಪ’ ಎನ್ನುತ್ತಾಳೆ, ಶ್ವೇತಳ ಮನೆಗೆ ಹೋಗಿ ಬರಬೇಡಿ ಎಂದು ಹೇಳಿ ಬರುತ್ತಾಳೆ, ಇನ್ನು ಮುಂದೆ ಏನನ್ನೂ ಕೇಳುವುದಿಲ್ಲ. ಎಲ್ಲೋ ಒಂದು ಕಡೆ ಬಸ್ಸು ನಿಂತು, ಕಬ್ಬಿನ ಗಾಡಿಗಳ ಸಾಲು ದಾಟುವುದನ್ನು ಕಾಯುತ್ತಿದ್ದಾಗ, ಶಿವಶಂಕರ್ ಹೇಳಿದ್ದು ಇನ್ನೊಮ್ಮೆ ಕಿವಿಯಲ್ಲಿ ಆಡಿತು. ಮೇಲೊಂದು ಪೊರೆ ಚಿನ್ನ. ಆಚಾರ್ರು ಸೀಟಿನಲ್ಲಿ ನೆಟ್ಟಗೆ ಕೂತರು. ಮೆಮೊರಿ ಎಂದರೆ ಏನೆಂದು ಅವರಿಗೆ ಈಗಲೂ ತಿಳಿದಿರಲಿಲ್ಲ. ಆದರೆ ತಾಮ್ರಕ್ಕೆ ಚಿನ್ನದ ನೀರು ಕೊಡುವುದನ್ನು ಅವರು ಹನ್ನೊಂದನೇ ವಯಸ್ಸಿನಿಂದ ಮಾಡುತ್ತ ಬಂದಿದ್ದರು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬ್ಯಾಟರಿ, ಎರಡು ತಂತಿ, ಚಿನ್ನದ ನೀರಿನ ಬಾಟಲಿ ಎಲ್ಲ ಹಲಗೆಯ ಮೇಲೆ ಬಂದವು. ಸವೆದ ಹಲ್ಲುಗಳ ಜಾಗಕ್ಕೆ ಅಕ್ಕಿನುಚ್ಚಿಗಿಂತ ಸಣ್ಣ ತಾಮ್ರದ ತಗಡು ಕತ್ತರಿಸಿ ಕೂರಿಸಿ, ಬುಡಕ್ಕೆ ಬೆಸುಗೆ ಮುಟ್ಟಿಸಿದರು. ಆಮೇಲೆ ಒಂದು ತಂತಿಯ ತುದಿಗೆ ಹತ್ತಿ ಸುತ್ತಿ ನೀರಿನಲ್ಲಿ ಅದ್ದಿ, ಇನ್ನೊಂದು ತಂತಿಯನ್ನು ಹಲ್ಲಿಗೆ ಮುಟ್ಟಿಸಬೇಕು ಎನ್ನುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು.

ಶೀಳನೆರೆಯ ಚಿಕ್ಕಬೋರಮ್ಮ. ಕಂಕುಳಲ್ಲಿ ಬ್ಯಾಗು, ಬ್ಯಾಗಿನಲ್ಲಿ ಬುತ್ತಿ.

“ಇವತ್ತು ಬುಡಾಕಿಲ್ಲ ಆಚಾರ್ರೇ,” ಎಂದು ಆಕೆ ಸೀರೆ ಸರಿಮಾಡಿಕೊಂಡು ಗೋಡೆಗೆ ಒರಗಿ ಕೂತಳು. “ಮಧ್ಯಾನ್ನದ ಮುದ್ದೆನೂ ತಂದಿವ್ನಿ. ನನ್ನೋಲೆ ಕೊಡೋಗಂಟ ನಾನು ಇಲ್ಲಿಂದ ಏಳಾಕಿಲ್ಲ.”

“ಕೊಡ್ತೀನಿ ಕಣವ್ವ, ಕೈಲಿರೋದು ಒಂದು ಮುಗ್ಸಿ...”

“ಅದ್ಯಾರ್ದು?”

“ಕಂಪ್ಯೂಟರ್ದು.”

ಚಿಕ್ಕಬೋರಮ್ಮ ಮುಂದಕ್ಕೆ ಬಗ್ಗಿ ನೋಡಿದಳು. “ಅಯ್ಯೋ ಶಿವನೇ, ಅದ್ಕೂ ಚಿನ್ನ ಆಕ್ತಾರಾ? ಅದು ಯಾವತ್ತು ಆರ್ಡರ್ ಕೊಟ್ಟಿದ್ದು?”

“ಮಂಗಳವಾರ.”

“ಮಂಗಳವಾರ ಕೊಟ್ಟಿದ್ಕೆ ಶನಿವಾರ ಮಾಡ್ತಿದ್ದೀಯಾ! ನಂದು ಮಳೆಗಾಲ್ದಾಗೆ ಕೊಟ್ಟಿದ್ದು. ಅಂಗಾದ್ರೆ ನಾನೂ ಒಂದು ಕಂಪ್ಯೂಟರ್ ಆಗಿ ಉಟ್ಬೇಕಾಗಿತ್ತು ಬುಡು.”

ಆಚಾರ್ರು ತಂತಿಯನ್ನು ಹಲ್ಲಿಗೆ ಮುಟ್ಟಿಸಿದರು. ಹತ್ತಿಯ ತುದಿ ಹಲ್ಲಿನ ಮೇಲೆ ಆಡಿದಂತೆ ಕೆಂಪು ಮಾಯವಾಗಿ, ಮಸುಕಾದ ಹಳದಿ ಮೂಡಿ, ಹಳದಿ ಹೊನ್ನಾಯಿತು. ಒಂದು, ಎರಡು, ಮೂರು, ನಾಲ್ಕು. ಮುಗಿಯಿತು. ಅವರು ಭೂತಗನ್ನಡಿ ಕಚ್ಚಿಸಿಕೊಂಡು ನೋಡಿದರು. ಹೊಸ ಹಲ್ಲುಗಳ ಮುಂದೆ ಕಾರ್ಖಾನೆಯ ಹಲ್ಲುಗಳು ಪೇಲವ ಕಂಡವು. ಬಡವಾಗಿ ಕೊಟ್ಟಿದ್ದಾರೆ, ಪಾಪ. ಇನ್ನೊಂದು ಕೈ ಓಡಿಸಿದರು. ಮತ್ತೊಂದು.

“ಸಾಕ್ ಬುಡಿ ಆಚಾರ್ರೇ,” ಎಂದಳು ಚಿಕ್ಕಬೋರಮ್ಮ, “ಏನ್ ಕಂಪ್ಯೂಟರ್ಗೆ ಮದ್ವೆಯಾ?”

ಅದು ಮುಗಿದ ಮೇಲೆ ಆಕೆಯ ಓಲೆಯನ್ನು ಬೀರುವಿನಿಂದ ತೆಗೆದರು. ಅದು ಮುಗಿದು ವಾರವಾಗಿತ್ತು. ಐದನೇ ಎಸಳಿನದೇ ತಕರಾರು. “ಇಲ್ನೋಡವ್ವ, ಈ ಎಸಳು ಒಸಿ...” ಎಂದು ಅವರ ಇನ್ನೊಂದು ಕೈ ಚಿಮುಟಕ್ಕೆ ಹೋಗುವಷ್ಟರಲ್ಲಿ ಚಿಕ್ಕಬೋರಮ್ಮ ಓಲೆಯನ್ನು ಕಿತ್ತುಕೊಂಡು, ಅಲ್ಲೇ ಕಿವಿಗೆ ತಿರುಗಿಸಿಕೊಂಡು, ಮಾತು ಮುಗಿಯುವುದರೊಳಗೆ ಬೀದಿಗೆ ಇಳಿದಿದ್ದಳು. ಬುತ್ತಿಯನ್ನು ಬಸ್‌ಸ್ಟ್ಯಾಂಡಿನಲ್ಲಿ ಉಂಡಳಂತೆ, ಬಂದವರಿಗೆಲ್ಲ ಎರಡು ಕಿವಿಯನ್ನೂ ತೋರಿಸಿಕೊಂಡು.

ಭಾನುವಾರ ಬೆಳಿಗ್ಗೆ ಸ್ಪಂದನ ಮುಸುಕು ತೆಗೆದಳು, ಆಚಾರ್ರು ಸ್ಕ್ರೂ ಬಿಚ್ಚಿದರು, ಮೂಗಮ್ಮ ದೂರ ನಿಂತು ಎಲ್ಲಾದರೂ ಹೊಗೆ ಬರುತ್ತದೆಯೇ ಎಂದು ನೋಡುತ್ತಿದ್ದಳು. ಪಟ್ಟಿಗಳು ಓರೆಯಾಗಿ ಹೋಗಿ ನೆಟ್ಟಗೆ ನಿಂತವು. ಟಕ್, ಟಕ್. ಸ್ವಿಚ್ಚು ಹಾಕಿದರು.

ಕುಂಯ್, ಕುಂಯ್, ಕುಂಯ್.

ಸ್ಪಂದನ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತಳು. ಆಚಾರ್ರು ಪಟ್ಟಿಯನ್ನು ಹೊರತೆಗೆದು ಅಂಗಳದ ಬಿಸಿಲಿಗೆ ಒಯ್ದರು. ಭೂತಗನ್ನಡಿಯಲ್ಲಿ ನೋಡಿದರೆ, ತಮ್ಮ ಧಾರಾಳ ಅವರಿಗೇ ಕಂಡಿತು. ಮೂರನೇ ಕೈ ನೀರು ಉಕ್ಕಿ, ಎರಡು ಹಲ್ಲುಗಳ ನಡುವೆ ಚಿನ್ನದ ಸಣ್ಣ ಸೇತುವೆ ಕಟ್ಟಿಬಿಟ್ಟಿತ್ತು. ಒಂದು ಹಲ್ಲು ಪಕ್ಕದ ಹಲ್ಲನ್ನು ಮುಟ್ಟಬಾರದು ಎಂದು ಶಿವಶಂಕರ್ ಹೇಳಿದ ನೆನಪು ಈಗ ಬಂತು. ಅತಿ ಸಣ್ಣ ಉಳಿ ತಂದು, ಉಸಿರು ಹಿಡಿದು, ಆ ಸೇತುವೆಯನ್ನು ಕೆತ್ತಿ ತೆಗೆದರು. ಅಷ್ಟರಲ್ಲಿ ಕರೆಂಟು ಹೋಯಿತು.

ಅದು ಬಂದದ್ದು ಮೂರಕ್ಕೆ ಐದು ನಿಮಿಷವಿರುವಾಗ, ಶ್ವೇತ ಮತ್ತು ಆ ಇಬ್ಬರು ಹುಡುಗಿಯರ ಜೊತೆಯಲ್ಲೇ. ಪರೀಕ್ಷೆ ಮಾಡಿ ನೋಡುವ ಸಮಯವೂ ಸಿಗಲಿಲ್ಲ. ನಾಲ್ವರು ಹುಡುಗಿಯರು, ಮೂಗಮ್ಮ, ಎಲ್ಲರ ಎದುರಿಗೆ ಆಚಾರ್ರು ಸ್ವಿಚ್ಚು ಒತ್ತಿ ಕಣ್ಣು ಮುಚ್ಚಿಕೊಂಡರು. ಅಳು ಕೇಳಿಸಲಿಲ್ಲ. ಕಣ್ಣು ಬಿಟ್ಟರೆ ಕಪ್ಪು ಪರದೆಯ ಮೂಲೆಯಲ್ಲಿ ಬಿಳಿ ಅಂಕಿಗಳು ಓಡುತ್ತಿದ್ದವು. ಹದಿನಾರು ಸಾವಿರ ದಾಟಿತು, ಇಪ್ಪತ್ತು ದಾಟಿತು, ಮೂವತ್ತೆರಡು ಸಾವಿರ ಚಿಲ್ಲರೆಗೆ ಹೋಗಿ ನಿಂತಿತು. ಸ್ಪಂದನ ಅಪ್ಪನ ಕಡೆ ತಿರುಗಿದಳು, ಅವರು ಯಾರೋ ಹೊಸಬರು ಎಂಬಂತೆ.

ಆಟ ತೆರೆಯಿತು. ಬೂದುಬಣ್ಣದ ರಸ್ತೆ, ಆಚೆ ಹಸಿರು, ಅದರಾಚೆ ನೀಲಿ. ಮುಂದೆ ಒಂದು ಬಿಳಿ ವಿಮಾನದ ಮೂತಿ. ಸ್ಪಂದನ ಒಂದು ಕೀ ಒತ್ತಿದಳು. ವಿಮಾನ ಒಂದು ಹೆಜ್ಜೆ ಇಟ್ಟಿತು.

ನಿಂತಿತು. ಇನ್ನೊಂದು ಹೆಜ್ಜೆ ಇಟ್ಟಿತು.

“ನಮ್ಮಣ್ಣನ ಮನೇಲಿ ಇಂಗೆ ಕುಲುಕಲ್ಲ,” ಎಂದಳು ಶ್ವೇತ, ಕೆಟ್ಟ ಮನಸ್ಸಿನಿಂದಲ್ಲ, ಕಂಡದ್ದನ್ನು. “ಅಲ್ಲಿ ಅದ್ಕೇಂತ ಇನ್ನೊಂದು ಕಾರ್ಡು ಹಾಕವ್ರೆ.”

ಆಚಾರ್ರಿಗೆ ಅಷ್ಟು ಸಾಕಾಯಿತು. ಎಡಗಡೆಯ ರೆಕ್ಕೆ ಬಲಗಡೆಯ ರೆಕ್ಕೆಗಿಂತ ಚೂರು ತಡವಾಗಿ ಬರುವುದು ಅವರಿಗೂ ಕಂಡಿತ್ತು. ಅವರ ಬಲಗೈ ತಾನೇತಾನಾಗಿ ಎದ್ದು ಸ್ವಿಚ್ಚಿನ ಕಡೆಗೆ ಹೊರಟಿತು.

“ತಡಿ ತಡಿ, ಆರ್ಸು. ಸರಿ ಬಂದಿಲ್ಲ ಕಣಮ್ಮಿ. ಬಿಚ್ಚಿ ಇನ್ನೊಂದ್ಸಲ ನೋಡ್ಬುಟ್ಟು...”

ಸ್ಪಂದನ ಆ ಕೈಯನ್ನು ಗಾಳಿಯಲ್ಲೇ ಹಿಡಿದಳು. ಜೋರಾಗಿಯೇ ಹಿಡಿದಳು.

“ಬಿಚ್ಬೇಡ.”

“ಕುಲುಕ್ತದೆ ಕಣಮ್ಮಿ...”

“ಕುಲುಕ್ಲಿ. ಅಪ್ಪ, ನೀನು ಭಾನುವಾರ ಅಂದೆ, ಇವತ್ತು ಭಾನುವಾರ. ಆಯ್ತು. ಮುಟ್ಬೇಡ.” ಆಮೇಲೆ ಶ್ವೇತಳ ಕಡೆ ತಿರುಗಿ, “ನಮ್ಮನೆ ವಿಮಾನ ಕುಲುಕ್ಕೊಂಡೇ ಹಾರೋದು ಕಣೇ. ನಮ್ಮಪ್ಪ ಕೈಯಲ್ಲಿ ಮಾಡಿರೋದು,” ಎಂದಳು.

ಆಚಾರ್ರ ಕೈ ಇನ್ನೂ ಮಗಳ ಕೈಯಲ್ಲಿತ್ತು. ಅದಕ್ಕೆ ಈಗ ಏನು ಮಾಡಬೇಕೆಂದು ಅವರಿಗೂ ತಿಳಿಯಲಿಲ್ಲ, ಕೈಗೂ ತಿಳಿಯಲಿಲ್ಲ. ಅವಳು ಅವರನ್ನು ಎಳೆದು ಕುರ್ಚಿಯಲ್ಲಿ ಕೂರಿಸಿ, ಅವರ ತೋರುಬೆರಳನ್ನು ಕೆಳಗೆ ಮುಖ ಮಾಡಿದ ಬಾಣದ ಗುರುತಿನ ಮೇಲಿಟ್ಟಳು.

“ಮೊದ್ಲು ನೀನೇ ಹಾರ್ಸು.”

“ನಾನಾ? ಬ್ಯಾಡ ಕಣಮ್ಮಿ, ಮಕ್ಕಳು ಆಡ್ಕಳಿ...”

“ಒತ್ತು ಅಂದ್ರೆ.”

“ಇದು ಕೆಳಕ್ಕೆ ಅಲ್ವಾ ತೋರಿಸ್ತಿರೋದು? ಮೇಲಕ್ಕೆ ಓಗ್ಬೇಕು ಅಂದ್ರೆ...”

“ಕೆಳಕ್ಕೆ ಒತ್ತಿದ್ರೆ ಮೇಲಕ್ಕೆ ಓಗೋದು.”

ಇದಕ್ಕೆ ಕಾರಣ ಕೇಳುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಒತ್ತಿದರು. ವಿಮಾನ ಕುಲುಕಿತು, ನಿಂತಿತು, ಕುಲುಕಿತು, ಹೆದ್ದಾರಿಯ ಹೊಂಡಗಳಲ್ಲಿ ಬರುವ ಬಸ್ಸಿನಂತೆ ರಸ್ತೆಯ ಕೊನೆ ಮುಟ್ಟಿತು. ಆಮೇಲೆ ಬೂದು ರಸ್ತೆ ಮೆಲ್ಲಗೆ, ತುಂಡುತುಂಡಾಗಿ, ಪರದೆಯ ಕೆಳಗೆ ಜಾರಿ ಹೋಯಿತು. ಎಲ್ಲ ನೀಲಿಯಾಯಿತು. ಹಿಂದೆ ನಾಲ್ಕು ಹುಡುಗಿಯರು ಒಟ್ಟಿಗೆ ಕಿರುಚಿದರು. ಮೂಗಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಬಾಗಿಲ ಹತ್ತಿರದಿಂದ ಮೇಜಿನ ಹತ್ತಿರಕ್ಕೆ ಬಂದಳು.

“ಇನ್ನೇನ್ ಮಾಡ್ಲಿ?” ಎಂದರು ಆಚಾರ್ರು.

“ಆಮೇಲೆ ಇಳಿಸ್ಬೇಕು.”

“ಎಂಗೆ ಇಳ್ಸೋದು?”

ಸ್ಪಂದನ ಸಿ.ಡಿ.ಯ ಡಬ್ಬಿಯನ್ನು ತಿರುಗಿಸಿ ನೋಡಿದಳು, ಶ್ವೇತಳ ಮುಖ ನೋಡಿದಳು. ಶ್ವೇತ ಭುಜ ಕುಣಿಸಿದಳು.

“ನಂಗೂ ಗೊತ್ತಿಲ್ಲ ಕಣಪ್ಪ.”

ಆಚಾರ್ರು ಬಾಣದ ಗುರುತಿನ ಮೇಲಿಂದ ಬೆರಳು ತೆಗೆಯಲಿಲ್ಲ.